ಅಂಬು ಕೀಳುವ ಜ್ಞಾನಮ್ಮ

ಬೇರೆಯವರ ಮನೆ ಬಾಗಿಲು ತಟ್ಟಿದರೆ ಒಳಗಿನಿಂದ "ಯಾರು?" ಅಂತಾರೆ, ಜ್ಞಾನಮ್ಮನ ಬಾಗಿಲು ತಟ್ಟಿದರೆ "ಎಲ್ಲಿ ನೋವು?" ಅಂತಾಳೆ ಎಂದು ಆ ಬೀದಿಯವರು ಹೇಳುತ್ತಿದ್ದರು. ಬೊಮ್ಮಸಂದ್ರದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡಂತಿರುವ ಸಾಲುಮನೆಗಳ ಬೀದಿ ಅದು. ಅವಳ ಕೈಗೆ ಸಿಕ್ಕಿದ ಜ್ವರ ನಾಚಿಕೊಂಡು ಓಡಿಹೋಗುತ್ತದೆ ಎಂದು ಆ ಸಾಲುಮನೆಗಳ ಒಡತಿ ಭದ್ರಮ್ಮ ಹೇಳುತ್ತಿದ್ದಳು. ಆಗದವರ ಮಾತು ಬೇರೆ. ಜ್ಞಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಯಾರ ಮೆಟ್ಟಿಲು ಹತ್ತಿದಳೋ ಅವರ ಮನೆಯಲ್ಲಿ ಚಾಪೆ ಸುತ್ತುವ ಕಾಲ ಬಂತೆಂದೇ ತಿಳಿಯಿರಿ, ಯಮ ಈ ಕಡೆ ಬಂದರೆ ಮೊದಲು ಅವಳ ಜಗಲಿ ಮೇಲೆ ಕೂತು ದಾರಿ ಕೇಳಿಕೊಂಡು ಹೋಗುತ್ತಾನೆ ಅನ್ನುತ್ತಿದ್ದರು. ಹೀಗೆ ಅಂದವರೂ ಮಗುವಿಗೆ ವಾಂತಿಭೇದಿ ಶುರುವಾದರೆ ಅವಳ ಬಾಗಿಲಿಗೇ ಬರುತ್ತಿದ್ದರು.

ಇಷ್ಟೆಲ್ಲ ಹೇಳಿದ ಬೀದಿ ಒಂದು ಮಾತು ಮಾತ್ರ ಹೇಳಲಿಲ್ಲ. ಈ ಹೆಂಗಸಿಗೆ ಸುಸ್ತಾಗಿದೆ ಎಂದು ಯಾರೂ ಹೇಳಲಿಲ್ಲ.

ಜ್ಞಾನಮ್ಮ ಕನಕಪುರದ ಕಡೆಯವಳು. ಚೌರಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದಾಗ ರಾಗಿ ಹೊಲಕ್ಕೂ ಕಾರ್ಖಾನೆ ಶೆಡ್ಡಿಗೂ ನಡುವೆ ಒಂದೇ ಬೇಲಿ. ಚೌರಪ್ಪ ತಗಡು ಒತ್ತುವ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ. ಒಂದು ದಿನ ಬಲಗೈಯ ಎರಡು ಬೆರಳನ್ನು ಮಿಷನ್ನಿಗೇ ಕೊಟ್ಟು ಮನೆಗೆ ಬಂದ. ಜ್ಞಾನಮ್ಮ ಗಾಯ ತೊಳೆದಳು, ಕೀವು ಹಿಂಡಿದಳು, ತುತ್ತು ಮಾಡಿ ಬಾಯಿಗಿಟ್ಟಳು, ರಾತ್ರಿ ಅವನು ಕಿರುಚಿಕೊಂಡಾಗ ಆ ಮೊಂಡುಗೈಯನ್ನು ತನ್ನ ಎದೆಗವಚಿಕೊಂಡು ಮಲಗಿದಳು. ಅಂತೂ ವಾಸಿ ಮಾಡಿದಳು. ವಾಸಿಯಾದವನು ಎಲ್ಲಿಗೆ ಹೋಗುತ್ತಾನೆ? ಅದೇ ಶೆಡ್ಡಿಗೆ ಹೋದ. ಬೇಡ ಕಣಯ್ಯ ಅಂದರೆ, "ಎರಡು ಬೆರಳಿಲ್ಲದೋನ್ನ ಇನ್ಯಾರು ಕರೀತಾರೆ? ಅವ್ರಾದ್ರೆ ಮುಲಾಜಿಗಾದ್ರೂ ಇಟ್ಕೋತಾರೆ" ಅಂದ. ಮುಂದಿನ ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದಾಗ ಕರೆಂಟು ಹೊಡೆದು ಅಲ್ಲೇ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಜ್ಞಾನಮ್ಮ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿಕೊಂಡಳು. ಹಗಲು ಅಲ್ಲಿನ ರೋಗಿಗಳು, ಸಂಜೆ ಬೀದಿಯ ರೋಗಿಗಳು, ಹಾಗೇ ಕೂದಲು ಹಣ್ಣಾಯಿತು.

ಆ ಬೀದಿಯ ತುದಿಯಲ್ಲಿ ಸಂತ ಸೆಬಾಸ್ಟಿಯನ್ನರ ಚರ್ಚಿದೆ. ಸಂತರ ಕತೆ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸೆಬಾಸ್ಟಿಯನ್ ರೋಮಿನ ಚಕ್ರವರ್ತಿಯ ದಂಡಿನಲ್ಲಿದ್ದವನು. ಗುಟ್ಟಾಗಿ ಕ್ರಿಸ್ತನನ್ನು ನಂಬಿದ್ದಾನೆಂದು ತಿಳಿದಾಗ ಅವನನ್ನು ಮರಕ್ಕೆ ಕಟ್ಟಿ ಮೈತುಂಬ ಅಂಬು ಬಿಟ್ಟರು, ಸತ್ತನೆಂದು ತಿರುಗಿ ಹೋದರು. ಹೂಳೋಣವೆಂದು ಬಂದ ಐರೀನ್ ಎಂಬ ವಿಧವೆ ಮೈ ಮುಟ್ಟಿ ನೋಡುತ್ತಾಳೆ, ಇನ್ನೂ ಬಿಸಿ ಇದೆ. ಮನೆಗೆ ಹೊತ್ತು ತಂದು, ಒಂದೊಂದೇ ಅಂಬು ಕಿತ್ತು, ಎಣ್ಣೆ ಹಚ್ಚಿ ಬದುಕಿಸಿದಳು. ಬದುಕಿದವನು ತಪ್ಪಿಸಿಕೊಂಡು ಹೋಗಲಿಲ್ಲ, ನೆಟ್ಟಗೆ ಆ ಚಕ್ರವರ್ತಿಯ ಎದುರಿಗೇ ಹೋಗಿ ನಿಂತ. ಈ ಸಲ ದೊಣ್ಣೆಯಲ್ಲಿ ಬಡಿದು ಸಾಯಿಸಿದರು. ಅದು ಎಂಥ ಧೈರ್ಯ ಎಂದು ಪ್ರತಿ ಹಬ್ಬಕ್ಕೂ ಚರ್ಚಿನ ಗುರುಗಳು ಪ್ರಬೋಧನೆ ಮಾಡುತ್ತಾರೆ. ಜ್ಞಾನಮ್ಮ ಮಾತ್ರ ಐರೀನಳನ್ನೇ ನೆನೆಯುತ್ತಿದ್ದಳು. ಅಷ್ಟು ಕಷ್ಟಪಟ್ಟು ವಾಸಿ ಮಾಡಿದವಳು ಅವನು ಹೊಸಿಲು ದಾಟಿದಾಗ ಏನಂದಳೋ ಎಂದು ಯಾರೂ ಬರೆದಿಡಲಿಲ್ಲವಲ್ಲ ಅನ್ನಿಸುತ್ತಿತ್ತು.

ಆ ಚರ್ಚಿನಲ್ಲಿರುವುದು ಸಂತರ ಹಳೆಯ ಸ್ವರೂಪ, ಹಲಸಿನ ಮರದ ಪ್ರತಿಮೆ. ಮೈಯಲ್ಲಿ ಐದು ತೂತು, ತೂತಿಗೊಂದು ಅಂಬು. ಹಬ್ಬದ ಸಂಜೆ ಪ್ರಾರ್ಥನೆಯಲ್ಲಿ ಸಂತರನ್ನು ಕರೆಕರೆದು ಬೇಡುವ ಮನವಿಮಾಲೆ ಹೇಳುವಾಗ ಊರಿನ ಒಬ್ಬ ವಿಧವೆ ಪೀಠದ ಮೇಲೆ ಹೋಗಿ ಆ ಅಂಬುಗಳನ್ನು ಕಿತ್ತು, ತೂತಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಮೈಗೆ ಬಿಳಿ ಪಂಚೆ ಸುತ್ತುತ್ತಾಳೆ. ಬರುವ ಭಾನುವಾರದವರೆಗೆ ಸಂತರಿಗೆ ವಿಶ್ರಾಂತಿ. ಭಾನುವಾರ ಗಂಡಸರು ಬಂದು ಅಂಬುಗಳನ್ನು ಮತ್ತೆ ಸಿಕ್ಕಿಸುತ್ತಾರೆ. ಪ್ಲೇಗಿನ ಕಾಲದಲ್ಲಿ ರೋಗಿಗಳ ಹತ್ತಿರ ಹೋಗಲು ಹೆದರದವರು ವಿಧವೆಯರು ಮಾತ್ರವಂತೆ. ಕಳೆದುಕೊಳ್ಳಲು ಅವರಲ್ಲಿ ಇನ್ನೇನೂ ಉಳಿದಿರಲಿಲ್ಲವಲ್ಲ. ಅಂದಿನಿಂದ ಈ ಕೆಲಸ ಅವರದೇ ಆಯಿತು ಎಂದು ಹಳಬರು ಹೇಳುತ್ತಾರೆ. ಚೌರಪ್ಪ ಸತ್ತ ವರ್ಷ ಎಣ್ಣೆಯ ಬಟ್ಟಲು ಜ್ಞಾನಮ್ಮನ ಕೈಗೆ ಬಂದಿತ್ತು. ಆಮೇಲೆ ಅದನ್ನು ಯಾರೂ ಕೇಳಲಿಲ್ಲ.

ಈ ವರ್ಷ ಜ್ಞಾನಮ್ಮನ ಮಂಡಿಗಳು ಕೈಕೊಟ್ಟವು. ಕೈ ನಡುಗತೊಡಗಿತು. ಅದೇ ಹೊತ್ತಿಗೆ ಭದ್ರಮ್ಮನ ಗಂಡ ಶ್ಯಾಮಣ್ಣ ಒಂದು ಬೆಳಿಗ್ಗೆ ಬಂದು ತಲೆ ಕೆರೆಯುತ್ತ ನಿಂತ.

"ಜ್ಞಾನಮ್ಮ, ಈ ಸಾಲೆಲ್ಲ ಕೆಡವಿ ಪೀಜಿ ಕಟ್ಟಿಸ್ತಿದೀನಿ. ಬೇಜಾರ್ ಮಾಡ್ಕೋಬ್ಯಾಡ."

"ಬೇಜಾರ್ ಯಾಕಣ್ಣ? ಈ ಮೆಟ್ಲು ಹತ್ತಾಕೆ ಆಗ್ತಿರ್ಲಿಲ್ಲ. ಮೆಟ್ಲನ್ನೇ ತೆಗೀತೀನಿ ಅಂತೀಯ, ಒಳ್ಳೇದೇ ಆಯ್ತು."

"ಹಬ್ಬ ಮುಗಿಸ್ಕೊಂಡು ಓಗು. ಅಲ್ಲೀಗಂಟ ಯಾರೂ ಮುಟ್ಟಲ್ಲ."

ಹಳ್ಳಿಯಲ್ಲಿದ್ದ ತಂಗಿ ಲೂರ್ದಮ್ಮ ಎಷ್ಟೋ ದಿನದಿಂದ ಕರೆಯುತ್ತಿದ್ದಳು. "ಬಂದ್ಬಿಡಕ್ಕ. ನಮ್ಮನೇಲಿ ಯಾರ್ಗೂ ಏನೂ ಕಾಯ್ಲೆ ಇಲ್ಲ. ಸುಮ್ನೆ ಕೂತ್ಕೋ" ಅನ್ನುತ್ತಿದ್ದಳು. ಸುಮ್ಮನೆ ಕೂರುವುದು! ಆ ಮಾತು ಕೇಳಿದರೇ ಜ್ಞಾನಮ್ಮನಿಗೆ ನಿದ್ದೆ ಬರುವಂತಾಗುತ್ತಿತ್ತು. ಬರುತ್ತೇನೆ ಅಂದಳು.

ಉಳಿದದ್ದು ಅಂಬಿನ ಕೆಲಸ. ಅದನ್ನು ಹೇಳಲು ಇನ್ನಾಸಪ್ಪನ ಹತ್ತಿರ ಹೋದಳು. ಇನ್ನಾಸಪ್ಪ ಲೇತ್ ಮಿಷನ್ನಿನಲ್ಲಿ ದುಡಿದು ನಿವೃತ್ತನಾದವನು, ಈಗ ಚರ್ಚು ಕಮಿಟಿಗೆ ಹಿರಿಯ. ಅವನ ಹೆಂಡತಿ ರೀಟಮ್ಮ ಲಕ್ವ ಹೊಡೆದು ಬಹಳ ಕಾಲ ಹಾಸಿಗೆ ಹಿಡಿದಿದ್ದಳು. ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವುದನ್ನೂ, ಹುಣ್ಣಾದ ಮೇಲೆ ಒರೆಸುವುದನ್ನೂ ಅವನಿಗೆ ಕಲಿಸಿದವಳು ಜ್ಞಾನಮ್ಮ. ಇನ್ನಾಸಪ್ಪ ಯಾರನ್ನೂ ಹತ್ತಿರ ಸೇರಿಸದೆ ತಾನೇ ಎಲ್ಲ ಮಾಡಿದ. ರೀಟಮ್ಮ ತೀರಿಕೊಂಡ ಮೇಲೆ ಅವನು ಜ್ಞಾನಮ್ಮನ ಬೀದಿಯಲ್ಲಿ ತಲೆ ಬಗ್ಗಿಸಿಕೊಂಡೇ ಓಡಾಡುತ್ತಿದ್ದ. ಹಬ್ಬದ ಸಂಜೆ ಅಂಬು ಕೀಳುವ ಹೊತ್ತಿಗೆ ಸರಿಯಾಗಿ ಚರ್ಚಿನ ಹೊರಗೆ ಜನರೇಟರ್ ನೋಡುವ ನೆಪದಲ್ಲಿ ಎದ್ದು ಹೋಗುತ್ತಿದ್ದ.

"ಮುಂದಿನ ವರ್ಷ ನಾನಿರಲ್ಲ ಇನ್ನಾಸಣ್ಣ" ಅಂದಳು ಜ್ಞಾನಮ್ಮ.

"ಗೊತ್ತಾಯ್ತು. ಈ ಸಲ ನೀನು ಕಿತ್ತು ಮುಗಿಸ್ಬಿಡು. ಆಮೇಲೆ ಬಣ್ಣ ಹೊಡ್ಸಿ, ಗಟ್ಟಿ ಗೋಂದು ಹಾಕಿ ಕೂರಿಸ್ಬಿಡ್ತೀವಿ."

"ಏನನ್ನ?"

"ಅಂಬುಗಳ್ನ. ತೂತು ದೊಡ್ಡದಾಗಿ ಎಲ್ಲ ಅಲ್ಲಾಡ್ತವೆ. ಹೋದ ಸಲ ಮೆರವಣಿಗೇಲಿ ಒಂದು ಕಳಚ್ಕೊಂಡು ಟಿಪ್ಪರ್ ಚಕ್ರಕ್ಕೆ ಸಿಕ್ತಲ್ಲ. ಇನ್ನು ಕೀಳೋರೂ ಯಾರವ್ರೆ ಹೇಳು."

ಜ್ಞಾನಮ್ಮ ಸಂತರ ಮೈ ನೆನೆದಳು. ವರ್ಷವೆಲ್ಲ ಚುಚ್ಚಿಕೊಂಡಿರುವವನಿಗೆ ನಾಲ್ಕು ದಿನದ ಬಿಡುವೂ ಇಲ್ಲವೆಂದಾಯಿತು. ತಾನು ಹೋಗುತ್ತಿರುವುದು ಬಿಡುವು ಬೇಕೆಂದೇ. ತಾನು ಬಿಡುವು ತೆಗೆದುಕೊಂಡರೆ ಅವನ ಬಿಡುವಿಗೆ ಗೋಂದು ಬೀಳುತ್ತದೆ.

"ಯಾರಾದ್ರೂ ಸಿಕ್ಕಿದ್ರೆ?" ಅಂದಳು.

"ಸಿಕ್ಕಿದ್ರೆ ಗೋಂದಿನ ಮಾತೇ ಬ್ಯಾಡ. ಹಬ್ಬದ ಸಂಜೆ ಒಬ್ಬಳನ್ನ ಕರ್ಕೊಂಡು ಬಾ."

ಮಂಡಿ ಹಿಡಿದುಕೊಂಡು ಜ್ಞಾನಮ್ಮ ಮನೆಮನೆ ಹತ್ತಿ ಇಳಿದಳು. ಮಗಳ ಮದುವೆ ಗೊತ್ತಾಗುವವರೆಗೂ ಮುಂದೆ ನಿಲ್ಲುವ ಹಾಗಿಲ್ಲ ಎಂದಳು ಒಬ್ಬಳು. ಇನ್ನೊಬ್ಬಳು ಬೆನ್ನು ನೋವು ಎಂದಳು. ಅವಳ ಬೆನ್ನಿಗೆ ಎಣ್ಣೆ ತಿಕ್ಕಿ ಎದ್ದು ಬಂದವಳೂ ಜ್ಞಾನಮ್ಮನೇ.

ಕೊನೆಗೆ ಶಶಿಕಲಾ. ಮಾತ್ರೆ ಕಂಪನಿಯೊಂದರ ಪ್ಯಾಕಿಂಗಿನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ಹೊಸೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಹೋಗಿದ್ದ. ಶಿಫ್ಟ್ ಮುಗಿಸಿ ಬಂದವಳು ಕೊರಳಿನ ಗುರುತಿನ ಚೀಟಿ ತೆಗೆಯದೆ ಬಾಗಿಲಲ್ಲೇ ಕುಸಿದು ಕೂತಿದ್ದಳು. ಚೀಟಿಯ ದಾರದ ಕೆಳಗೆ ತಾಳಿ ಇನ್ನೂ ಇತ್ತು.

"ನೀವು ಬರ್ತೀರ ಅಂತ ಗೊತ್ತಿತ್ತು ದೊಡ್ಡಮ್ಮ. ನನ್ ಕೈಲಾಗಲ್ಲ" ಅಂದಳು.

"ಕೈ ಗಟ್ಟಿಯಾಗೇ ಐತಲ್ಲೇ."

"ಕಂಪನೀಲಿ ನನ್ ಗಂಡ ಸತ್ತಿಲ್ಲ. ಗಲ್ಫಲ್ಲಿ ಅವ್ನೆ. ಸೂಪರ್‌ವೈಸರ್ ಹಲ್ಲು ಕಿರಿದಾಗೆಲ್ಲ ಅವ್ನ್ ಫೋನ್ ಬರುತ್ತೆ, ಎದ್ದು ಆಚೆ ಹೋಗ್ತೀನಿ." ಅವಳು ನಕ್ಕಳು. "ಹಬ್ಬಕ್ಕೆ ನಮ್ ಪ್ಯಾಕಿಂಗ್ ಲೈನಿನವ್ರೆಲ್ಲ ಬರ್ತಾರೆ. ನಾನು ಮೇಲೆ ಹೋಗಿ ನಿಂತ್ರೆ ನಾಳೆಯಿಂದ ಅವ್ನು ಫೋನ್ ಮಾಡೋ ಹಂಗಿಲ್ಲ."

ಜ್ಞಾನಮ್ಮ ಅವಳ ಪಕ್ಕದಲ್ಲಿ ಕೂತಳು. ಬೀದಿಯಲ್ಲಿ ಕಂಪನಿ ಬಸ್ಸು ಜನರನ್ನು ಇಳಿಸುತ್ತಿತ್ತು.

"ಬದುಕಿರ್ಲಿ ಬಿಡು ಪಾಪ. ನಮ್ಮ ಬೀದೀಲಿ ಸತ್ತೋರೇ ಜಾಸ್ತಿ ಆದ್ರು" ಅಂದಳು.

"ನಿಮ್ಗೆ ಬೇಜಾರಾಯ್ತಾ?"

"ಬೇಜಾರಾಗಾಕೂ ಮೈಯಲ್ಲಿ ಶಕ್ತಿ ಇರ್ಬೇಕು ಮಗ. ಎದ್ದು ಕಾಲು ತೊಳ್ಕೋ, ಹೋಗು."

ಹಬ್ಬ ಬಂತು. ಬೆಳಿಗ್ಗೆ ಪೂಜೆ, ಆಮೇಲೆ ಕಾರ್ಖಾನೆಗಳ ಗೇಟಿನ ಮುಂದಿನಿಂದ ಹಾದು ಬಂದ ಮೆರವಣಿಗೆ. ಸಂಜೆಯ ಪ್ರಾರ್ಥನೆಗೆ ಚರ್ಚು ತುಂಬಿತ್ತು. ಶಿಫ್ಟ್ ಮುಗಿಸಿ ನೇರವಾಗಿ ಬಂದವರು ಊಟದ ಬ್ಯಾಗುಗಳನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದರು. ಮಾತ್ರೆಯ ವಾಸನೆ, ಗ್ರೀಸಿನ ವಾಸನೆ, ಮಲ್ಲಿಗೆ, ಸಾಂಬ್ರಾಣಿ ಎಲ್ಲ ಒಟ್ಟಿಗೆ ಸೇರಿ ಗಾಳಿ ಭಾರವಾಗಿತ್ತು. ಇನ್ನಾಸಪ್ಪ ಬಾಗಿಲ ಬಳಿಯಿಂದಲೇ ಜ್ಞಾನಮ್ಮನ ಕಡೆ ನೋಡಿದ, ಯಾರಾದರೂ ಸಿಕ್ಕಿದರೇ ಎಂಬಂತೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಜನರೇಟರ್ ಕಡೆಗೆ ಹೊರಟ.

ಪ್ರಾರ್ಥನೆ ಹೇಳಿಕೊಡುವ ಉಪದೇಶಿ ಮೈಕಿನಲ್ಲಿ ಮನವಿಮಾಲೆ ಶುರು ಮಾಡಿದರು. "ಸಂತ ಸೆಬಾಸ್ಟಿಯನ್ನರೇ" ಎಂದರೆ ಜನ "ನಮಗಾಗಿ ಪ್ರಾರ್ಥಿಸಿರಿ" ಎನ್ನುತ್ತಿದ್ದರು. "ರೋಗಿಗಳ ಆಶ್ರಯವೇ" ಎಂದರೆ ಮತ್ತೆ "ನಮಗಾಗಿ ಪ್ರಾರ್ಥಿಸಿರಿ". ಆ ಏರಿಳಿತದಲ್ಲಿ ಜ್ಞಾನಮ್ಮ ಬಟ್ಟಲು ಹಿಡಿದು ಮೇಲೆ ಹೋದಳು. ಕಾಲಿನ ಅಂಬು ತೆಗೆದಳು. ತೊಡೆಯದು ಬಂತು. ತೋಳಿನವೆರಡೂ ಬಂದವು. ಪ್ರತಿ ತೂತಿಗೂ ಬೆರಳಿನಿಂದ ಎಣ್ಣೆ ಸವರಿದಳು. ಉಳಿದದ್ದು ಪಕ್ಕೆಯ ಅಂಬು. ಹಿಡಿದು ಮೆಲ್ಲಗೆ ತಿರುವಿದಳು. ಅಲ್ಲಾಡಲಿಲ್ಲ. ಇನ್ನೊಂದು ಕೈಯನ್ನೂ ಹಾಕಿದಳು. ಎರಡು ಕೈಯೂ ಸೇರಿ ನಡುಗಿದವೇ ಹೊರತು ಅಂಬು ಅಲ್ಲಾಡಲಿಲ್ಲ.

ಮನವಿಮಾಲೆ ಮುಗಿಯಿತು. ಗುರುಗಳು ಸನ್ನೆ ಮಾಡಿದರು, ಉಪದೇಶಿ ಮತ್ತೆ ಮೊದಲಿನಿಂದ ಶುರು ಮಾಡಿದರು. "ಸಂತರಿಗೇ ಮನಸ್ಸಿಲ್ಲ" ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಜ್ಞಾನಮ್ಮನಿಗೆ ಮಾತ್ರ ಆ ತೂತಿನ ಅಂಚಿನಲ್ಲಿ ಹಳದಿಯಾಗಿ ಗಟ್ಟಿಯಾಗಿದ್ದ ಗೆರೆ ಕಂಡಿತು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪೀಠದ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪಕ್ಕದಲ್ಲಿದ್ದ ಸಿಸ್ಟರಿಗೆ, "ಇನ್ನಾಸಪ್ಪನ್ನ ಕರೀರಿ" ಅಂದಳು.

ಇನ್ನಾಸಪ್ಪ ಬಂದ. ಜನರೆಲ್ಲ ನೋಡುತ್ತಿದ್ದುದರಿಂದ ಮೊಣಕಾಲೂರಿ ಶಿಲುಬೆಯ ಗುರುತು ಹಾಕಿಕೊಂಡು ಅವಳ ಹತ್ತಿರ ಬಗ್ಗಿದ.

"ಇದಕ್ಕೇನಾಕಿದೀಯ?"

"ಅಲ್ಲಾಡ್ತಿತ್ತು. ಮರದ ಪುಡಿ, ಚೂರು ಗೋಂದು. ಮೆರವಣಿಗೆ ಮುಗಿಯೋಗಂಟ ನಿಂತ್ರೆ ಸಾಕು ಅಂತ... ಇಷ್ಟು ಬೇಗ ಕಚ್ಕೋತದೆ ಅಂತ ಯಾರಿಗ್ ಗೊತ್ತಿತ್ತು?"

"ಕೀಳು ಈಗ."

"ನಾನಾ? ಗಂಡಸ್ರು ಕೀಳಂಗಿಲ್ಲ."

"ಗೋಂದು ಹಾಕೋವಾಗ ಗಂಡಸು ಅನ್ನೋದು ಮರ್ತೋಗಿತ್ತಾ?"

ಅವನು ಅಂಬಿಗೆ ಕೈ ಹಾಕಿ ತಕ್ಷಣ ಹಿಂದೆ ತೆಗೆದ. "ಎಳೆದ್ರೆ ಪಕ್ಕೆ ಸೀಳ್ಕೊಂಡು ಬರ್ತದೆ ಜ್ಞಾನಮ್ಮ. ಹಳೇ ಮರ."

"ಎಳೀಬ್ಯಾಡ. ರೀಟಮ್ಮನ ಬೆನ್ನಿಗೆ ಅಂಟ್ಕೊಂಡಿದ್ದ ಬಟ್ಟೆ ಹೆಂಗೆ ಬಿಡಿಸ್ತಿದ್ದೆ?"

ಇನ್ನಾಸಪ್ಪ ಅವಳ ಮುಖವನ್ನೇ ನೋಡಿದ. ಆ ಹೆಸರನ್ನು ಅವನ ಎದುರಿಗೆ ಯಾರೂ ಹೇಳಿ ಬಹಳ ಕಾಲವಾಗಿತ್ತು. ಜ್ಞಾನಮ್ಮ ಎಣ್ಣೆಯ ಬಟ್ಟಲನ್ನು ಅವನ ಕಡೆ ಸರಿಸಿದಳು.

ಅವನು ಎಣ್ಣೆಯನ್ನು ಅಂಬಿನ ಬುಡಕ್ಕೆ ಸುತ್ತಲೂ ತೊಟ್ಟಿಕ್ಕಿಸಿದ. ಕಾದ. ಹೆಬ್ಬೆರಳಿನಿಂದ ಸುತ್ತ ಮೆಲ್ಲಮೆಲ್ಲಗೆ ಒತ್ತಿದ, ಮತ್ತೆ ಎಣ್ಣೆ ಬಿಟ್ಟ, ಮತ್ತೆ ಕಾದ. ಉಪದೇಶಿ ಮೂರನೆಯ ಸಲ ಮನವಿಮಾಲೆ ಹಿಡಿದರು. ಈಗ ಜನರ ದನಿಯೂ ಇಳಿದು, ಮಲಗಿದವರ ಮನೆಯಲ್ಲಿ ಮಾತಾಡುವಂತೆ ಆಗಿತ್ತು. ಹತ್ತಿರ ಕೂತಿದ್ದ ಜ್ಞಾನಮ್ಮನಿಗೊಬ್ಬಳಿಗೇ ಇನ್ನಾಸಪ್ಪ ಏನೋ ಹೇಳುತ್ತಿರುವುದು ಕೇಳಿಸಿತು. "ಆಯ್ತು... ಆಗೋಯ್ತು... ಇನ್ನೊಂಚೂರು ತಡ್ಕೋ" ಎಂದು ಅವನು ಪ್ರಾರ್ಥನೆಯ ನಡುವೆ ಹೇಳುತ್ತಿದ್ದ. ಗೋಂದು ಗಾಯದ ಮೇಲಿನ ಹಕ್ಕಳೆಯಂತೆ ಎದ್ದು ಬಂತು, ಹಿಂದೆಯೇ ಅಂಬು ಬಂತು.

ಅಂಬನ್ನು ಕೆಳಗಿಟ್ಟ ಮೇಲೂ ಅವನ ಕೈ ನಿಲ್ಲಲಿಲ್ಲ. ಹೆಗಲ ಟವೆಲಿನ ತುದಿಯಿಂದ ಪಕ್ಕೆ ಒರೆಸಿದ, ಎಣ್ಣೆ ಸವರಿದ. ಜ್ಞಾನಮ್ಮ ಮುಗಿಸಿದ್ದ ಬೇರೆ ತೂತುಗಳನ್ನೂ ಇನ್ನೊಮ್ಮೆ ನೋಡಿದ. ಬಿಳಿ ಪಂಚೆ ಸುತ್ತಬೇಕಿತ್ತು. ಏಳೋಣವೆಂದು ಜ್ಞಾನಮ್ಮ ನೆಲಕ್ಕೆ ಕೈ ಊರಿದಳು. ಅಷ್ಟರಲ್ಲಿ ಅವನೇ ಪಂಚೆ ಬಿಡಿಸಿ, ತೋಳಿನ ಅಡಿಯಿಂದ ತಂದು, ರೋಗಿಗೆ ಸುತ್ತುವಂತೆ ಬೆನ್ನಿನ ಹತ್ತಿರ ಸಡಿಲ ಬಿಟ್ಟು ಸುತ್ತಿದ. ಜ್ಞಾನಮ್ಮ ಊರಿದ್ದ ಕೈಯನ್ನು ಮಡಿಲಿಗೆ ತೆಗೆದುಕೊಂಡಳು. ಕೊನೆಯ ಆಶೀರ್ವಾದದವರೆಗೂ ಅಲ್ಲೇ ಕೂತಿದ್ದಳು.

ಹೊರಗೆ ಸಿಹಿಪೊಂಗಲ್ ಹಂಚುವಾಗ ಮುದುಕಿಯೊಬ್ಬಳು ಗೊಣಗಿದಳು. "ಹೆಂಡ್ತಿ ಸತ್ತ್ರೆ ಗಂಡಸ್ರು ಇನ್ನೊಂದು ಮದ್ವೆ ಆಗ್ತಾರೆ. ಅಂಬು ಕೀಳೋ ಗಂಡಸನ್ನ ಇವತ್ತೇ ನೋಡಿದ್ದು."

"ನಂಗ್ಯಾರು ಹೆಣ್ಣು ಕೊಡ್ತಾರಜ್ಜಿ? ಅದಕ್ಕೇ ಇದು" ಅಂದ ಇನ್ನಾಸಪ್ಪ.

ಶಶಿಕಲಾ ಎಲೆಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಗುರುಗಳು ಅವನನ್ನು ಬದಿಗೆ ಕರೆದು, ಬಣ್ಣ ಹೊಡೆಸುವುದು ಯಾವಾಗ ಎಂದು ಕೇಳಿದರು.

"ಬಣ್ಣ ಹೊಡ್ಸೋಣ ಫಾದರ್. ಗೋಂದು ಬ್ಯಾಡ. ತೂತಿನೊಳಗೆ ತೆಳ್ಳಗೆ ಒಂದು ಪದರ ಮರ ಕೂರಿಸ್ತೀನಿ, ಅಲ್ಲಾಡೋದು ನಿಲ್ತದೆ. ಕೀಳೋಕೆ ನಾನಿದೀನಿ" ಅಂದ ಇನ್ನಾಸಪ್ಪ.

ಭಾನುವಾರ ಬೆಳಿಗ್ಗೆ ಜ್ಞಾನಮ್ಮ ಮನೆ ಖಾಲಿ ಮಾಡಿದಳು. ಸಾಮಾನು ಅಂಥಾದ್ದೇನಿಲ್ಲ. ಒಂದು ಟ್ರಂಕು, ಒಂದು ಗಂಟು, ಸ್ಟವ್. ಶ್ಯಾಮಣ್ಣ ಗೊತ್ತು ಮಾಡಿದ್ದ ಗೂಡ್ಸ್ ಆಟೋದವನು ಅವನ್ನು ಹೇರಿಕೊಂಡು ಬೀದಿಯ ತುದಿಯಲ್ಲಿ ಕಾಯುತ್ತಿದ್ದ. ಭದ್ರಮ್ಮ ಕಣ್ಣೊರೆಸಿಕೊಳ್ಳುತ್ತ, ದಾರಿಗೆ ಚಿತ್ರಾನ್ನ ಕಟ್ಟಿ ತಂದಿದ್ದಳು.

"ಅಲ್ಲೋದ್ಮೇಲೆ ಏನ್ ಮಾಡ್ತೀಯ ಜ್ಞಾನಮ್ಮ?"

"ಮಲೀಕ್ಕೋತೀನಿ."

"ಅದಾದ್ಮೇಲೆ?"

"ಎದ್ದು ನೋಡ್ತೀನಿ. ಇನ್ನೂ ನಿದ್ದೆ ಬತ್ತಿದ್ರೆ ಇನ್ನೊಂದ್ ದಪ ಮಲೀಕ್ಕೋತೀನಿ."

ಆಗ ಇನ್ನಾಸಪ್ಪ ಬೀದಿಯಲ್ಲಿ ಓಡುನಡಿಗೆಯಲ್ಲಿ ಬಂದ. ಈ ಸಲ ತಲೆ ಎತ್ತಿಕೊಂಡೇ ಬಂದ. ಕೈಯಲ್ಲಿ ಬಟ್ಟೆಯ ಚೀಲ, ಅದರ ಬಾಯಿಂದ ಅಂಬಿನ ಹಿಂಭಾಗಗಳು ಕಾಣುತ್ತಿದ್ದವು.

"ಜ್ಞಾನಮ್ಮ, ಒಂದ್ನಿಮಿಷ. ಪೂಜೆಗೆ ಮುಂಚೆ ಇವನ್ನ ಸಿಕ್ಕಿಸ್ಬೇಕು. ಎಲ್ರೂ ಕಾಯ್ತಾವ್ರೆ."

"ಸಿಕ್ಕಿಸು."

"ಕೈ ಬರ್ತಿಲ್ಲ." ಅವನು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಪಂಚೆ ಬಿಚ್ಚಿದೆ. ತೂತೆಲ್ಲ ಎಣ್ಣೆ ಕುಡ್ಕೊಂಡು ಹೊಳೀತವೆ. ಅಷ್ಟು ಒರೆಸಿ, ಸವರಿ, ಮತ್ತೆ ನಾನೇ ಚುಚ್ಚೋದು ಹೆಂಗೆ? ನೀನಿಷ್ಟು ವರ್ಷ ಹೆಂಗೆ ನೋಡ್ಕೊಂಡು ಇದ್ದೆ?"

"ನಾನು ನೋಡ್ತಿರ್ಲಿಲ್ಲ. ಭಾನುವಾರ ನಾನು ಎರಡನೇ ಪೂಜೆಗೆ ಬತ್ತಿದ್ದೆ."

"ನಾನೇನ್ ಮಾಡ್ಲಿ ಹೇಳು ಈಗ."

ಜ್ಞಾನಮ್ಮ ಅವನ ಮುಖ ನೋಡಿದಳು, ಚೀಲ ನೋಡಿದಳು. ಇಷ್ಟು ವರ್ಷದಲ್ಲಿ ಏನು ಮಾಡಲಿ ಎಂದು ಬಂದು ನಿಂತ ಯಾರನ್ನೂ ಅವಳು ಹಾಗೇ ಕಳಿಸಿದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜೊತೆಗೆ ಹೊರಟುಬಿಡುತ್ತಿದ್ದಳು. ಅವಳ ಕೈ ಸೆರಗಿನವರೆಗೆ ಹೋಯಿತು ಕೂಡ. ಬೀದಿಯ ತುದಿಯಲ್ಲಿ ಆಟೋದವನು ಹಾರನ್ ಹೊಡೆದ.

"ಅದನ್ನ ನೀನೇ ನೋಡ್ಕೋ ಇನ್ನಾಸಣ್ಣ" ಅಂದಳು.

ಅವಳು ಕೀಲಿಕೈಯನ್ನು ಭದ್ರಮ್ಮನ ಕೈಗಿಟ್ಟು, ಗೋಡೆ ಹಿಡಿದು, ನೋಯುವ ಮಂಡಿಯನ್ನು ಮೊದಲು ಇಳಿಸಿ, ಆಮೇಲೆ ಇನ್ನೊಂದನ್ನು ಇಳಿಸಿ, ಮೆಟ್ಟಿಲು ಇಳಿದು ಹೋದಳು.